ಮೂರನೇ ಹುಟ್ಟುಹಬ್ಬಕ್ಕೆ ಮೊದಲೇ: ನ್ಯೂಜೆರ್ಸಿಯ ಸರ್ಕಾರಿ ವಿಶೇಷ ಪ್ರಿಸ್ಕೂಲಿಗೆ ಮಗುವನ್ನು ಸೇರಿಸುವ ಬಗೆ

ಮಗುವಿಗೆ ಎರಡೂವರೆ ವರ್ಷವಾದರೂ ಮಾತು ಬಂದಿಲ್ಲ, ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ ಎಂದಾಗ ಊರಿನಿಂದ ಫೋನಿನಲ್ಲಿ ಬರುವ ಸಮಾಧಾನ ನಮಗೆಲ್ಲ ಗೊತ್ತಿರುವುದೇ: ‘ಗಂಡುಮಕ್ಕಳು ತಡವಾಗಿಯೇ ಮಾತನಾಡುವುದು, ಅವನ ಅಪ್ಪನೂ ಹಾಗೇ ಇದ್ದ.’ ಪ್ರೀತಿಯ ಮಾತು ನಿಜ. ಆದರೆ ಅದನ್ನು ನಂಬಿಕೊಂಡು ಆರು ತಿಂಗಳು ಕಾಯಬೇಡಿ. ನೀವು ನ್ಯೂಜೆರ್ಸಿಯಲ್ಲಿದ್ದರೆ, ವಿಶೇಷ ಶಿಕ್ಷಣಕ್ಕೆ ಅರ್ಹವಾದ ಮಗುವಿಗೆ ಮೂರು ವರ್ಷ ತುಂಬಿದ ದಿನದಿಂದಲೇ ಅದನ್ನು ಉಚಿತವಾಗಿ ಕೊಡುವ ಹೊಣೆ ನಿಮ್ಮ ಊರಿನ ಶಾಲಾ ಡಿಸ್ಟ್ರಿಕ್ಟಿನದು, ಅಂದರೆ ಅಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತದ್ದು. ಅಂಗವಿಕಲ ಮಕ್ಕಳ ಶಿಕ್ಷಣಕ್ಕಾಗಿ 1975ರಲ್ಲಿ ಬಂದ ಅಮೆರಿಕದ ಕೇಂದ್ರ ಕಾನೂನಿಗೆ 1986ರಲ್ಲಿ ತಿದ್ದುಪಡಿಯಾಗಿ, ಮೂರರಿಂದ ಐದು ವರ್ಷದ ಮಕ್ಕಳಿಗೂ ಈ ಹಕ್ಕು ಗಟ್ಟಿಯಾಯಿತು.

ನಾನು ಮಧ್ಯ ನ್ಯೂಜೆರ್ಸಿಯಲ್ಲಿ ಇಂಥ ಮಕ್ಕಳ ವಿಶೇಷ ಪ್ರಿಸ್ಕೂಲ್ ತರಗತಿಯೊಂದರಲ್ಲಿ ಸಹಾಯಕಿಯಾಗಿ ಕೆಲಸ ಮಾಡುತ್ತೇನೆ. ಕನ್ನಡದ ತಂದೆತಾಯಂದಿರು ಶಾಲೆಯ ಸಭೆಗೆ ಬಂದರೆ ದುಭಾಷಿಯಾಗಿ ಪಕ್ಕದಲ್ಲಿ ಕೂರುವುದೂ ಉಂಟು. ಬಹುತೇಕರ ಚಿಂತೆಯೆಲ್ಲ ‘ಸೀಟು ಸಿಗುತ್ತದೆಯೇ’ ಎಂಬಲ್ಲಿಗೇ ನಿಂತುಬಿಡುತ್ತದೆ. ಅರ್ಹತೆ ಸಿಕ್ಕಿದರೆ ಸೀಟು ಕೊಡಲೇಬೇಕು, ಅದು ಕಾನೂನು. ಆ ತರಗತಿಯಲ್ಲಿ ಎಷ್ಟು ಮಂದಿ ದೊಡ್ಡವರಿದ್ದಾರೆ ಎಂಬುದನ್ನು ಮಾತ್ರ ನೀವೇ ಕೇಳಿ ತಿಳಿದುಕೊಳ್ಳಬೇಕು.

ಮೊದಲು ದಿನಾಂಕದ ವಿಷಯ. ಮಗುವಿಗೆ ಈಗಾಗಲೇ ಮೂರು ವರ್ಷದೊಳಗಿನವರಿಗಾಗಿ ಇರುವ ‘ಅರ್ಲಿ ಇಂಟರ್‌ವೆನ್ಷನ್’ ಸೇವೆ ಸಿಗುತ್ತಿದ್ದರೆ, ಅಂದರೆ ಥೆರಪಿಸ್ಟ್ ಮನೆಗೇ ಬರುತ್ತಿದ್ದರೆ, ಅದು ಮೂರನೇ ಹುಟ್ಟುಹಬ್ಬಕ್ಕೆ ಮುಗಿಯುತ್ತದೆ. ಆ ದಿನಕ್ಕೆ ಶಾಲೆಯ ಯೋಜನೆ, ಅಂದರೆ ಮಗುವಿಗೆ ಯಾವ ನೆರವು ಎಷ್ಟು ಎಂದು ಬರೆದಿಡುವ, ಎಲ್ಲರೂ ಐಇಪಿ ಎನ್ನುವ ಕಾಗದ, ಸಿದ್ಧವಾಗಿರಬೇಕು. ಹಾಗಾಗಬೇಕಾದರೆ ಹುಟ್ಟುಹಬ್ಬಕ್ಕೆ ಕನಿಷ್ಠ 120 ದಿನ ಮೊದಲು ಡಿಸ್ಟ್ರಿಕ್ಟಿಗೆ ಲಿಖಿತ ಕೋರಿಕೆ ಹೋಗಬೇಕು. ಮಗುವಿಗೆ ಮಾರ್ಚ್ 10ಕ್ಕೆ ಮೂರು ತುಂಬುವುದಾದರೆ ನವೆಂಬರ್ 10ರೊಳಗೆ ನಿಮ್ಮ ಪತ್ರ ತಲುಪಿರಬೇಕು ಎಂದಾಯಿತು. ಅರ್ಲಿ ಇಂಟರ್‌ವೆನ್ಷನ್‌ನಲ್ಲಿ ನಿಮ್ಮ ಮಗುವಿನ ಸೇವೆಗಳನ್ನು ನೋಡಿಕೊಳ್ಳುವ ಸರ್ವಿಸ್ ಕೋಆರ್ಡಿನೇಟರ್ ಕಳುಹಿಸುತ್ತಾರೆ ಎಂದು ಸುಮ್ಮನಿರದೆ ನೀವೂ ಒಂದು ಪ್ರತಿ ಕಳುಹಿಸಿ. ಅರ್ಲಿ ಇಂಟರ್‌ವೆನ್ಷನ್‌ಗೆ ಹೋಗದ ಮಗುವಾದರೂ ಚಿಂತೆಯಿಲ್ಲ, ನೇರವಾಗಿ ಬರೆಯಬಹುದು.

ಪತ್ರ ಉದ್ದವಿರಬೇಕಿಲ್ಲ. ಮಗುವಿನ ಹೆಸರು, ಹುಟ್ಟಿದ ದಿನ, ವಿಳಾಸ, ನಿಮಗೆ ಕಂಡ ಎರಡು ಮೂರು ತೊಂದರೆಗಳು, ಕೊನೆಗೆ ‘ವಿಶೇಷ ಶಿಕ್ಷಣದ ಅರ್ಹತೆಗಾಗಿ ನನ್ನ ಮಗುವಿನ ಮೌಲ್ಯಮಾಪನ ನಡೆಸಬೇಕೆಂದು ಕೋರುತ್ತೇನೆ’ ಎಂಬ ಒಂದು ಸಾಲು. ಡಿಸ್ಟ್ರಿಕ್ಟಿನ ವಿಶೇಷ ಸೇವೆಗಳ ಕಚೇರಿಗೆ ಇಮೇಲ್ ಮಾಡಿ. ಫೋನಿನಲ್ಲಿ ಎಷ್ಟು ಮಾತನಾಡಿದರೂ ಗಡುವು ಶುರುವಾಗುವುದಿಲ್ಲ, ಬರೆದರೆ ಮಾತ್ರ ಶುರುವಾಗುತ್ತದೆ. ಕೋರಿಕೆ ತಲುಪಿದ 20 ದಿನಗಳೊಳಗೆ ಮೊದಲ ಸಭೆ ಕರೆಯಬೇಕು. ನಡುವೆ ಬರುವ ಹಬ್ಬದ ರಜೆಗಳನ್ನು ಈ ಲೆಕ್ಕದಿಂದ ಬಿಡುತ್ತಾರೆ, ಬೇಸಿಗೆ ರಜೆಯನ್ನು ಬಿಡುವುದಿಲ್ಲ. ಆದ್ದರಿಂದ ಜುಲೈಯಲ್ಲಿ ಯಾರಾದರೂ ‘ಸೆಪ್ಟೆಂಬರ್‌ವರೆಗೆ ಕಾಯಿರಿ’ ಎಂದರೆ ಒಪ್ಪಿಕೊಳ್ಳಬೇಡಿ. ಮೌಲ್ಯಮಾಪನಕ್ಕೆ ನೀವು ಸಹಿ ಹಾಕಿದ ದಿನದಿಂದ 90 ದಿನಗಳೊಳಗೆ ಪರೀಕ್ಷೆ, ಅರ್ಹತೆಯ ತೀರ್ಮಾನ, ಐಇಪಿ, ತರಗತಿಯ ಆರಂಭ ಎಲ್ಲವೂ ಆಗಬೇಕು. ಈ ದಿನಗಳ ನಡುವೆ ಊರಿಗೆ ಹೋಗುವ ಟಿಕೆಟ್ ಮಾಡಿಸಬೇಡಿ. ಮಾಡಿಸಿಯಾಗಿದ್ದರೆ ತಾರೀಖುಗಳನ್ನು ಮೊದಲೇ ಬರೆದು ತಿಳಿಸಿ.

ಪರೀಕ್ಷೆ ನಡೆಸುವ ತಂಡಕ್ಕೆ ಚೈಲ್ಡ್ ಸ್ಟಡಿ ಟೀಮ್ ಎನ್ನುತ್ತಾರೆ. ಅದರಲ್ಲಿ ಶಾಲಾ ಮನಶ್ಶಾಸ್ತ್ರಜ್ಞರು, ಕಲಿಕಾ ತಜ್ಞರು, ಸಮಾಜ ಕಾರ್ಯಕರ್ತರು ಇರುತ್ತಾರೆ, ಪುಟ್ಟ ಮಕ್ಕಳಿಗೆ ಸ್ಪೀಚ್ ತಜ್ಞರೂ ಸೇರುತ್ತಾರೆ. ದೈಹಿಕ ಬೆಳವಣಿಗೆ, ಬುದ್ಧಿ, ಸಂವಹನ, ಸಾಮಾಜಿಕ ಮತ್ತು ಭಾವನಾತ್ಮಕ ಬೆಳವಣಿಗೆ, ಸ್ವಂತ ಕೆಲಸಗಳು ಎಂಬ ಕ್ಷೇತ್ರಗಳಲ್ಲಿ ಯಾವುದಾದರೂ ಒಂದರಲ್ಲಿ ಶೇ. 33ರಷ್ಟು, ಇಲ್ಲವೇ ಎರಡು ಅಥವಾ ಹೆಚ್ಚಿನವುಗಳಲ್ಲಿ ಶೇ. 25ರಷ್ಟು ಹಿಂದುಳಿದಿರುವುದು ಕಂಡರೆ ಮಗು ಅರ್ಹವಾಗುತ್ತದೆ.

ಇಲ್ಲಿ ನಮ್ಮ ಮನೆಯ ಮಕ್ಕಳಿಗೆ ಒಂದು ವಿಶೇಷ ತೊಡಕಿದೆ, ಹಾಗಾಗಿ ಸ್ವಲ್ಪ ನಿಧಾನಿಸಿ ಹೇಳುತ್ತೇನೆ. ಮಗುವಿಗೆ ಬರುವ ಭಾಷೆಯಲ್ಲಿಯೇ ಪರೀಕ್ಷೆ ನಡೆಸಬೇಕು, ಅದು ಸ್ಪಷ್ಟವಾಗಿ ಅಸಾಧ್ಯವಾದರೆ ಮಾತ್ರ ಬೇರೆ ದಾರಿ ಎಂದು ಕಾನೂನು ಹೇಳುತ್ತದೆ. ಆದರೆ ಕನ್ನಡ ಬಲ್ಲ ಸ್ಪೀಚ್ ತಜ್ಞರು ಸಿಗುವುದು ಅಪರೂಪ. ಒಮ್ಮೆ ಪರೀಕ್ಷೆಯ ಕೋಣೆಯಲ್ಲಿ ನಾನಿದ್ದೆ. ಪುಸ್ತಕದಲ್ಲಿ ಮಲಗಿರುವ ನಾಯಿಯ ಚಿತ್ರ. ಹುಡುಗ ಅದರ ಮೇಲೆ ಬೆರಳಿಟ್ಟು ‘ನಾಯಿ ತಾಚಿ’ ಎಂದ. ಎರಡು ಪದ ಕೂಡಿಸಿ, ಚಿತ್ರದಲ್ಲಿ ಏನು ನಡೆಯುತ್ತಿದೆ ಎಂದು ಹೇಳಿದ ಮಗು ಅದು. ಪಕ್ಕದಲ್ಲಿ ಕನ್ನಡ ಬಲ್ಲವರು ಇಲ್ಲದಿದ್ದರೆ ಅದು ಅರ್ಥವಿಲ್ಲದ ಸದ್ದು ಎಂದೇ ದಾಖಲಾಗುತ್ತಿತ್ತು. ಆದ್ದರಿಂದ ಪರೀಕ್ಷೆಗೆ ಹೋಗುವ ಮುನ್ನ ಒಂದು ಪಟ್ಟಿ ಮಾಡಿ: ಮಗು ಆಡುವ ಪ್ರತಿಯೊಂದು ಪದ, ಅದರ ಉಚ್ಚಾರಣೆ ಇಂಗ್ಲಿಷ್ ಅಕ್ಷರಗಳಲ್ಲಿ, ಪಕ್ಕದಲ್ಲಿ ಅರ್ಥ. ಬುವ್ವ, ತಾಚಿ, ಟಾಟಾ ಯಾವುದನ್ನೂ ಬಿಡಬೇಡಿ. ಅಜ್ಜಿಗೆ ಮಾತ್ರ ತಿಳಿಯುವ ಪದಗಳನ್ನೂ ಬರೆಯಿರಿ. ಮೊದಲ ಪತ್ರದಲ್ಲಿಯೇ ದುಭಾಷಿ ಬೇಕೆಂದು ಕೇಳಿ, ಅದಕ್ಕೆ ಖರ್ಚು ನಿಮ್ಮದಲ್ಲ. ಮನೆಯಲ್ಲಿ ಕನ್ನಡ ನಿಲ್ಲಿಸಿ ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಕೇಳಬೇಡಿ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಮಗುವಿಗೆ ಅತಿ ಹೆಚ್ಚು ಮಾತು ಸಿಗುವುದು ನಿಮ್ಮಿಂದ. ನಿಮಗೆ ಸಲೀಸಲ್ಲದ ಭಾಷೆಯಲ್ಲಿ ನೀವು ಮಾತು ಕಡಿಮೆ ಮಾಡಿದರೆ ನಷ್ಟ ಮಗುವಿಗೇ.

ವರದಿಗಳು ಸಭೆಗೆ ಕನಿಷ್ಠ 10 ದಿನ ಮೊದಲು ನಿಮ್ಮ ಕೈಸೇರಬೇಕು. ಪೆನ್ಸಿಲ್ ಹಿಡಿದು ಓದಿ, ಅರ್ಥವಾಗದ ಕಡೆ ಗುರುತು ಹಾಕಿ ತನ್ನಿ.

ನೋಂದಣಿಯ ಕಾಗದಗಳು ಸುಲಭ: ಮಗುವಿನ ವಯಸ್ಸಿನ ದಾಖಲೆ, ಬಾಡಿಗೆ ಕರಾರು ಅಥವಾ ವಿದ್ಯುತ್ ಬಿಲ್ಲು, ವೈದ್ಯರ ತಪಾಸಣೆಯ ಪತ್ರ, ಲಸಿಕೆಯ ದಾಖಲೆ. ವೀಸಾ ಯಾವುದು ಎಂಬುದಕ್ಕೂ ಶಾಲೆಗೂ ಸಂಬಂಧವಿಲ್ಲ. ವಲಸೆಯ ಸ್ಥಿತಿ ನೋಡಿ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಹೊರಗಿಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲಿಯೇ ಹೇಳಿದೆ. ಭಾರತದಿಂದ ಬಂದವರು ಸಿಕ್ಕಿಹಾಕಿಕೊಳ್ಳುವುದು ಲಸಿಕೆಯಲ್ಲಿ. ನಮ್ಮಲ್ಲಿ ದಡಾರದ ಮೊದಲ ಲಸಿಕೆ ಒಂಬತ್ತು ತಿಂಗಳಿಗೇ ಹಾಕುತ್ತಾರೆ, ಇಲ್ಲಿ ಒಂದು ವರ್ಷ ತುಂಬಿದ ಮೇಲೆ ಹಾಕಿದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಪ್ರಿಸ್ಕೂಲ್ ಮಕ್ಕಳಿಗೆ ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಫ್ಲೂ ಲಸಿಕೆಯೂ ಬೇಕು. ಇನ್ನೊಂದು ಮಾತು: ಶೌಚದ ಅಭ್ಯಾಸವಾಗಿಲ್ಲ, ಇನ್ನೂ ಡಯಾಪರಿನಲ್ಲಿದೆ ಎಂಬ ಸಂಕೋಚ ಬೇಡ. ಆ ಕಾರಣಕ್ಕೆ ಅರ್ಹ ಮಗುವನ್ನು ನಿರಾಕರಿಸುವಂತಿಲ್ಲ.

ಈಗ ತರಗತಿಯೊಳಗಿನ ವಿಷಯಕ್ಕೆ ಬರೋಣ. ನ್ಯೂಜೆರ್ಸಿಯ ನಿಯಮದಂತೆ ವಿಶೇಷ ಪ್ರಿಸ್ಕೂಲ್ ತರಗತಿಯಲ್ಲಿ ಎಂಟು ಮಕ್ಕಳವರೆಗೆ ಒಬ್ಬ ಶಿಕ್ಷಕಿ, ಒಬ್ಬ ಸಹಾಯಕಿ. ಒಂಬತ್ತರಿಂದ ಹನ್ನೆರಡಾದರೆ ಇಬ್ಬರು ಸಹಾಯಕಿಯರು. ಹನ್ನೆರಡಕ್ಕಿಂತ ಹೆಚ್ಚು ಮಕ್ಕಳು ಇರಕೂಡದು. ಕಾಗದದ ಮೇಲೆ ಇದು ಸ್ಪಷ್ಟ. ಆದರೆ ಉಳಿದ ತರಗತಿಗಳು ಸೆಪ್ಟೆಂಬರಿನಲ್ಲಿ ತುಂಬುತ್ತವೆ, ನಮ್ಮದು ವರ್ಷವಿಡೀ ತುಂಬುತ್ತಲೇ ಇರುತ್ತದೆ. ಪ್ರತಿ ಮಗುವೂ ತನ್ನ ಮೂರನೇ ಹುಟ್ಟುಹಬ್ಬಕ್ಕೆ ಬರುತ್ತದಲ್ಲ! ಸೆಪ್ಟೆಂಬರಿನಲ್ಲಿ ಆರು ಮಕ್ಕಳಿದ್ದ ಕೋಣೆ ಏಪ್ರಿಲ್ ಹೊತ್ತಿಗೆ ಭರ್ತಿಯಾಗಿರುತ್ತದೆ. ಸಿಬ್ಬಂದಿಯ ನೇಮಕ ನಡೆಯುವುದು ಬಹುಪಾಲು ಬೇಸಿಗೆಯಲ್ಲಿ. ರಾಜ್ಯದ ಅನುದಾನಕ್ಕಾಗಿ ಮಕ್ಕಳನ್ನು ಎಣಿಸುವುದು ಅಕ್ಟೋಬರ್ 15ರಂದು. ಫೆಬ್ರುವರಿಯಲ್ಲಿ ಬರುವ ಮಗು ಈ ಎರಡೂ ಲೆಕ್ಕದಲ್ಲಿ ಇರುವುದಿಲ್ಲ. ಅದರ ಮೇಲೆ, ದೇಶದ ಸರಾಸರಿ ತಲಾ ವಿದ್ಯಾರ್ಥಿ ವೆಚ್ಚದ ಶೇ. 40ರವರೆಗೆ ಕೊಡಬಹುದೆಂದು 1975ರ ಕಾನೂನಿನಲ್ಲಿ ಬರೆದ ಕೇಂದ್ರ ಸರ್ಕಾರ ಇವತ್ತಿನವರೆಗೂ ಅಷ್ಟು ಕೊಟ್ಟಿಲ್ಲ.

ಇದರ ಪರಿಣಾಮ ಕಾಣಬೇಕಾದರೆ ಬೆಳಿಗ್ಗೆ ಬಸ್ಸು ಬರುವ ಹೊತ್ತಿನಲ್ಲಿ ನಿಲ್ಲಬೇಕು. ಒಬ್ಬ ಸಹಾಯಕಿ ಬಸ್ಸಿನ ಬಾಗಿಲಲ್ಲಿ ಸೀಟಿನ ಪಟ್ಟಿ ಬಿಚ್ಚುತ್ತಿರುತ್ತಾಳೆ. ಇನ್ನೊಬ್ಬಳು ಡಯಾಪರ್ ಬದಲಿಸಲು ಒಂದು ಮಗುವನ್ನು ಕರೆದುಕೊಂಡು ಹೋಗಿರುತ್ತಾಳೆ. ಕೋಣೆಯಲ್ಲಿ ಶಿಕ್ಷಕಿ ಒಬ್ಬರೇ. ಒಬ್ಬನ ಕೋಟಿನ ಜಿಪ್ಪು ಸಿಕ್ಕಿಕೊಂಡಿದೆ, ಒಬ್ಬಳು ಬಾಗಿಲ ಕಡೆ ಓಡುತ್ತಿದ್ದಾಳೆ, ಹೊಸದಾಗಿ ಸೇರಿದ ಮಗು ಅಮ್ಮನಿಗಾಗಿ ನೆಲದ ಮೇಲೆ ಹೊರಳಾಡಿ ಅಳುತ್ತಿದೆ. ನೀರಿನ ಚಿತ್ರವಿರುವ ಕಾರ್ಡನ್ನು ಎತ್ತಿ ಕೊಟ್ಟು ನೀರು ಕೇಳಲು ಒಂದು ಹುಡುಗಿ ಕಲಿಯುತ್ತಿದ್ದಾಳೆ ಎಂದುಕೊಳ್ಳಿ. ಅವಳು ಕಾರ್ಡ್ ಎತ್ತಿದ ಕ್ಷಣದಲ್ಲಿ ತೆಗೆದುಕೊಳ್ಳುವ ಕೈ ಅಲ್ಲಿರಬೇಕು. ಆ ಕೈ ಇಲ್ಲದಿದ್ದರೆ ಅವಳು ಕಾರ್ಡ್ ಬಿಟ್ಟು ಮತ್ತೆ ಕಿರುಚುವುದಕ್ಕೆ ಹಿಂತಿರುಗುತ್ತಾಳೆ, ವಾರಗಳ ಪರಿಶ್ರಮ ಹಿಂದಕ್ಕೆ ಹೋಗುತ್ತದೆ. ಸಿಬ್ಬಂದಿಯ ಸಂಖ್ಯೆ ಎಂದು ನಾನು ಪಟ್ಟುಹಿಡಿದು ಹೇಳುವುದು ಇದಕ್ಕಾಗಿ.

ಐಇಪಿ ಸಭೆಯಲ್ಲಿ ಕೇಳಬೇಕಾದದ್ದನ್ನು ನೇರವಾಗಿಯೇ ಕೇಳಿ. ಈಗ ಎಷ್ಟು ಮಕ್ಕಳಿದ್ದಾರೆ, ಜೂನ್ ಒಳಗೆ ಇನ್ನೆಷ್ಟು ಬರಬಹುದು? ಒಂಬತ್ತನೆಯ ಮಗು ಬಂದ ದಿನವೇ ಎರಡನೆಯ ಸಹಾಯಕಿ ಇರುತ್ತಾಳೆಯೇ? ಒಂದೇ ಮಗುವಿಗಾಗಿ ನೇಮಿಸಿದ ಸಹಾಯಕಿಯನ್ನು ಇಡೀ ತರಗತಿಯ ಲೆಕ್ಕಕ್ಕೆ ಸೇರಿಸಿದ್ದೀರಾ? ಸಹಾಯಕಿ ರಜೆ ಹಾಕಿದರೆ ಬದಲಿಗೆ ಯಾರು? ಶಿಕ್ಷಕಿಗೆ ವಿಶೇಷ ಶಿಕ್ಷಣದ ಪ್ರಮಾಣಪತ್ರ ಇದೆಯೇ? ಕೇಳುವುದು ಅಗೌರವವಲ್ಲ. ಇಂಥ ಪ್ರಶ್ನೆ ಕೇಳುವ ತಂದೆತಾಯಂದಿರಿಂದ ನಮ್ಮಂಥವರಿಗೂ ಬಲ ಬರುತ್ತದೆ, ಏಕೆಂದರೆ ಹೆಚ್ಚು ಕೈ ಬೇಕೆಂದು ಒಳಗಿನಿಂದ ನಾವೂ ಕೇಳುತ್ತಲೇ ಇರುತ್ತೇವೆ.

ಐಇಪಿಯಲ್ಲಿ ಸ್ಪೀಚ್ ಥೆರಪಿಯ ಮತ್ತು ಆಕ್ಯುಪೇಷನಲ್ ಥೆರಪಿಯ (ಕೈಬಳಕೆ, ದಿನನಿತ್ಯದ ಕೆಲಸಗಳ ತರಬೇತಿ) ಸಾಲುಗಳನ್ನು ಎರಡು ಸಲ ಓದಿ. ವಾರಕ್ಕೆ ಎಷ್ಟು ಸಲ, ಎಷ್ಟು ನಿಮಿಷ, ಒಂಟಿಯಾಗಿಯೋ ಗುಂಪಿನಲ್ಲಿಯೋ ಎಂಬುದು ಬರಹದಲ್ಲಿ ಇರಬೇಕು. ‘ಅಗತ್ಯಕ್ಕೆ ತಕ್ಕಂತೆ’ ಎಂಬ ಪದಕ್ಕೆ ಒಪ್ಪಬೇಡಿ. ಥೆರಪಿಸ್ಟ್ ಕೆಲಸ ಬಿಟ್ಟರು, ಹೆರಿಗೆ ರಜೆಯಲ್ಲಿದ್ದಾರೆ, ಹೊಸಬರು ಸಿಕ್ಕಿಲ್ಲ ಎಂಬ ಮಾತು ಆಗಾಗ ಬರುತ್ತದೆ. ಕೊರತೆ ನಿಜವಿರಬಹುದು, ಆದರೆ ಅದು ಐಇಪಿಯಲ್ಲಿ ಬರೆದ ಸೇವೆಯನ್ನು ರದ್ದು ಮಾಡುವುದಿಲ್ಲ. ನಡೆದ ಅವಧಿಗಳ ದಾಖಲೆಯನ್ನು ತಿಂಗಳಿಗೊಮ್ಮೆ ಇಮೇಲ್‌ನಲ್ಲಿ ಕೇಳಿ. ತಪ್ಪಿಹೋದವನ್ನು ಯಾವಾಗ, ಹೇಗೆ ತುಂಬಿಕೊಡುತ್ತೀರಿ ಎಂದು ಕೇಸ್ ಮ್ಯಾನೇಜರಿಗೆ, ಅಂದರೆ ನಿಮ್ಮ ಮಗುವಿನ ಹೊಣೆ ಹೊತ್ತ ತಂಡದ ಸದಸ್ಯರಿಗೆ, ಬರೆಯಿರಿ.

ಸಭೆಯಲ್ಲಿ ತರಗತಿಯ ಬಗೆಯೂ ತೀರ್ಮಾನವಾಗುತ್ತದೆ. ಸಾಮಾನ್ಯ ಮಕ್ಕಳ ಜೊತೆ ಕಲಿಯಬಲ್ಲ ಮಗುವನ್ನು ಪ್ರತ್ಯೇಕ ತರಗತಿಯಲ್ಲಿ ಇಡಬಾರದು ಎಂಬುದು ಕಾನೂನಿನ ಮೂಲ ನಿಲುವು. ನಿಮ್ಮ ಡಿಸ್ಟ್ರಿಕ್ಟಿನಲ್ಲಿ ಸಾಮಾನ್ಯ ಪ್ರಿಸ್ಕೂಲ್ ನಡೆಯುತ್ತಿದ್ದರೆ ಅಲ್ಲಿಯೇ ನೆರವು ಕೊಡಲು ಏನು ಅಡ್ಡಿ ಎಂದು ಕೇಳಿ. ಕೆಲವು ಮಕ್ಕಳಿಗೆ ಚಿಕ್ಕ ತರಗತಿಯೇ ಸರಿ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಅದು ಮಗುವನ್ನು ನೋಡಿ ಆಗಬೇಕಾದ ತೀರ್ಮಾನ, ಎಲ್ಲಿ ಜಾಗ ಖಾಲಿಯಿದೆ ಎಂದು ನೋಡಿ ಅಲ್ಲ. ಸಭೆಯಲ್ಲೇ ಸಹಿ ಹಾಕಬೇಕೆಂಬ ಒತ್ತಾಯವಿಲ್ಲ. ಮೊದಲ ಐಇಪಿಗೆ ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಸೇವೆ ಶುರುವಾಗುವಂತಿಲ್ಲ, ಆದ್ದರಿಂದ ಮನೆಗೆ ತಂದು ಓದಿ, ಆದರೆ ವಾರಗಟ್ಟಲೆ ಇಟ್ಟುಕೊಳ್ಳಬೇಡಿ.

ಪ್ರಿಸ್ಕೂಲಿನ ಕೊನೆಯ ವರ್ಷದಲ್ಲಿ ಜೂನ್ 30ರೊಳಗೆ ಮರುಮೌಲ್ಯಮಾಪನ ನಡೆಯಬೇಕು, ಕಿಂಡರ್‌ಗಾರ್ಟನ್‌ನಲ್ಲಿ ಯಾವ ನೆರವು ಮುಂದುವರಿಯುತ್ತದೆ ಎಂಬುದು ಅದರ ಮೇಲೆ ನಿಂತಿದೆ. ಅದರ ಸಭೆ ಯಾವಾಗ ಎಂದು ಜನವರಿಯಲ್ಲಿಯೇ ಬರೆದು ಕೇಳಿ, ಪದಗಳ ಆ ಪಟ್ಟಿಯನ್ನೂ ಅಷ್ಟರೊಳಗೆ ಹೊಸದಾಗಿ ಬರೆದಿಡಿ.