ಪೇಜ್‌ರ್ಯಾಂಕ್ ಲೆಕ್ಕವನ್ನು ಒಂದ್ಸಲ ಕೈಯಲ್ಲೇ ಮಾಡಿ ನೋಡಿ

ಜಾಸ್ತಿ ಲಿಂಕ್ ಬಂದರೆ ಗೂಗಲ್ ಹುಡುಕಾಟದಲ್ಲಿ ವೆಬ್ ಪೇಜ್ ಮೇಲೇರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಅದು ಅರ್ಧ ಮಾತ್ರ ನಿಜ. ಲಿಂಕ್ ಕೊಟ್ಟವರು ಯಾರು, ಅವರು ಇನ್ನೆಷ್ಟು ಕಡೆ ಲಿಂಕ್ ಹಂಚಿದ್ದಾರೆ ಅನ್ನೋದೂ ಅಷ್ಟೇ ಮುಖ್ಯ. 1998ರಲ್ಲಿ ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿಗಳಾಗಿದ್ದ ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಇದನ್ನೇ ಲೆಕ್ಕಕ್ಕಿಳಿಸಿದರು, ಅದೇ ಪೇಜ್‌ರ್ಯಾಂಕ್. ಅದನ್ನು ಅರ್ಥ ಮಾಡಿಕೊಳ್ಳಲು ಒಂದು ಹಾಳೆ, ಪೆನ್ಸಿಲ್, ಫೋನಿನ ಕ್ಯಾಲ್ಕುಲೇಟರ್ ಸಾಕು.

ಹಾಳೆಯಲ್ಲಿ ನಾಲ್ಕು ಪೇಜ್ ಬರೆಯಿರಿ: ಅಡುಗೆ, ಮುದ್ದೆ, ಸಾರು, ಉಪ್ಪಿನಕಾಯಿ. ಈಗ ಲಿಂಕಿಗೊಂದು ಬಾಣ ಎಳೆಯಿರಿ. ಮುದ್ದೆಯಿಂದ ಸಾರಿಗೂ ಅಡುಗೆಗೂ, ಸಾರಿನಿಂದ ಅಡುಗೆಗೆ, ಉಪ್ಪಿನಕಾಯಿಯಿಂದ ಅಡುಗೆಗೆ, ಅಡುಗೆಯಿಂದ ಮುದ್ದೆಗೆ. ಉಪ್ಪಿನಕಾಯಿಗೆ ಯಾರೂ ಲಿಂಕ್ ಕೊಟ್ಟಿಲ್ಲ.

ಎಲ್ಲರಿಗೂ 0.25 ಅಂಕ ಕೊಟ್ಟು ಶುರು ಮಾಡಿ. ಪ್ರತಿ ಸುತ್ತಿನಲ್ಲೂ ಒಂದೊಂದು ಪೇಜು ತನ್ನ ಅಂಕವನ್ನು ತಾನು ಲಿಂಕ್ ಕೊಟ್ಟವರಿಗೆ ಸಮನಾಗಿ ಹಂಚುತ್ತದೆ. ಬಂದದ್ದನ್ನು ಕೂಡಿ, 0.85ರಿಂದ ಗುಣಿಸಿ, 0.0375 ಸೇರಿಸಿ. ಈ 0.0375 ಎಲ್ಲಿಂದ ಬಂತು? ಓದುವವನು ನೂರಕ್ಕೆ 85 ಸಲ ಲಿಂಕ್ ಒತ್ತುತ್ತಾನೆ, 15 ಸಲ ಬೇಜಾರಾಗಿ ಸುಮ್ನೆ ಯಾವುದೋ ಪೇಜಿಗೆ ಹಾರುತ್ತಾನೆ ಅಂತ ಲೆಕ್ಕ. ಆ 0.15 ನಾಲ್ವರಿಗೂ ಹಂಚಿಹೋಗುತ್ತದೆ, ಅಷ್ಟೇ.

ಮೊದಲ ಸುತ್ತಿನಲ್ಲಿ ಅಡುಗೆಗೆ ಬರುವುದು 0.125, 0.25, 0.25. ಒಟ್ಟು 0.625. ಗುಣಿಸಿ ಸೇರಿಸಿದರೆ 0.56875. ಒಂದು ಎಚ್ಚರಿಕೆ: ಸುತ್ತು ಮುಗಿಯುವವರೆಗೂ ಹಳೆಯ ಅಂಕಗಳನ್ನೇ ಬಳಸಿ, ಮತ್ತೆ ಪ್ರತಿ ಸುತ್ತಿನ ಕೊನೆಗೆ ನಾಲ್ಕನ್ನೂ ಕೂಡಿ ನೋಡಿ, 1 ಬರದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ ಅಂತಲೇ ಅರ್ಥ.

ಹತ್ತು ಹನ್ನೆರಡು ಸುತ್ತಿಗೆ ಅಂಕಗಳು ನಿಂತುಬಿಡುತ್ತವೆ. ಅಡುಗೆ 0.39, ಮುದ್ದೆ 0.37, ಸಾರು 0.20, ಉಪ್ಪಿನಕಾಯಿ 0.04. ಮುದ್ದೆಗೆ ಬಂದಿರುವುದು ಒಂದೇ ಲಿಂಕ್, ಸಾರಿಗೂ ಒಂದೇ. ಆದರೂ ಎಷ್ಟು ವ್ಯತ್ಯಾಸ ನೋಡಿ! ಮುದ್ದೆಗೆ ಲಿಂಕ್ ಕೊಟ್ಟಿದ್ದು ಎಲ್ಲರಿಗಿಂತ ದೊಡ್ಡ ಪೇಜು, ಅದೂ ಬೇರೆ ಯಾರಿಗೂ ಹಂಚದೆ. ಈಗ ಅಡುಗೆಯಿಂದ ಉಪ್ಪಿನಕಾಯಿಗೂ ಒಂದು ಬಾಣ ಎಳೆದು ಮತ್ತೆ ಲೆಕ್ಕ ಹಾಕಿ. ಮುದ್ದೆ 0.22ಕ್ಕೆ ಇಳಿಯುತ್ತದೆ, ಉಪ್ಪಿನಕಾಯಿ 0.22ಕ್ಕೆ ಏರುತ್ತದೆ. ಮುದ್ದೆ ಪೇಜಿನವರು ಏನೂ ಮಾಡಿಲ್ಲ, ಅಲ್ವಾ? ಇದನ್ನು ಕೈಯಲ್ಲಿ ಮಾಡಿದಾಗಲೇ ಮನಸ್ಸಿಗೆ ನಾಟೋದು.

ಯಾರಿಗೂ ಲಿಂಕ್ ಕೊಡದ ಪೇಜ್ ಇದ್ದರೆ ಅದು ಎಲ್ಲರಿಗೂ ಕೊಟ್ಟಿದೆ ಅಂದುಕೊಂಡು ಹಂಚಿ. ಇಲ್ಲದಿದ್ದರೆ ಅಂಕ ಸೋರಿಹೋಗುತ್ತದೆ.

ದೊಡ್ಡ ಜಾಲಕ್ಕೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ನೆಟ್‌ವರ್ಕ್‌ಎಕ್ಸ್ (ಜಾಲಗಳ ಲೆಕ್ಕಕ್ಕಿರುವ ಸಿದ್ಧ ಕೋಡ್) ಬಳಸಿ. ಅದರಲ್ಲೂ 0.85 ಮೊದಲೇ ಇದೆ. ಯಾರು ಯಾರನ್ನು ಫಾಲೋ ಮಾಡುತ್ತಾರೆ ಅನ್ನೋದಕ್ಕೂ ಇದೇ ಲೆಕ್ಕ ನಡೆಯುತ್ತದೆ. ಆದರೆ ಎರಡೂ ಕಡೆಯ ಗೆಳೆತನಕ್ಕೆ ಬೇಡ. ಅಲ್ಲಿ ಉತ್ತರ ಹೆಚ್ಚುಕಡಿಮೆ ಗೆಳೆಯರನ್ನು ಎಣಿಸಿದಷ್ಟೇ ಬರುತ್ತದೆ. ಅದರ ಬದಲು ಬಿಟ್ವೀನ್‌ನೆಸ್ ನೋಡಿ, ಅಂದರೆ ಬೇರೆ ಇಬ್ಬರ ನಡುವಿನ ಹತ್ತಿರದ ದಾರಿ ಎಷ್ಟು ಸಲ ಒಬ್ಬರ ಮೂಲಕ ಹಾದುಹೋಗುತ್ತದೆ ಅನ್ನೋ ಲೆಕ್ಕ. ಕಲಿಯಲು ಅಮೆರಿಕದ ಕರಾಟೆ ಕ್ಲಬ್ಬಿನ ಜಾಲ ನೆಟ್‌ವರ್ಕ್‌ಎಕ್ಸ್‌ನಲ್ಲೇ ಸಿಗುತ್ತದೆ. 34 ಜನ, ಜಗಳವಾಗಿ ಎರಡು ಗುಂಪಾದ ಕ್ಲಬ್, 1977ರಲ್ಲಿ ಸಂಶೋಧಕ ವೇಯ್ನ್ ಜಕಾರಿ ಪ್ರಕಟಿಸಿದ್ದು. ಅದರಲ್ಲಿ ಜನರ ನಂಬರು 0ಯಿಂದ ಶುರುವಾಗುತ್ತದೆ. 33ನೇ ನಂಬರಿನ ಆಡಳಿತಗಾರನಿಗೆ 17 ಸಂಪರ್ಕ, 0 ನಂಬರಿನ ಕರಾಟೆ ಗುರುವಿಗೆ 16. ಬಿಟ್ವೀನ್‌ನೆಸ್‌ನಲ್ಲಿ ಮಾತ್ರ ಗುರುವೇ ಮುಂದೆ.