ನೇವಿ ಬಾವುಟ ಐದು ಸಲ ಹೊಲಿದಾಗ ನಂಗೆ ಗೊತ್ತಾಗಿದ್ದು

ನಾನು ಶಿವಮೊಗ್ಗದಲ್ಲಿ ಹದಿನಾಲ್ಕು ವರ್ಷದಿಂದ ಹೊಲಿಗೆ ಮಷಿನ್ ಮುಂದೆ ಕೂತಿರೋಳು, ಬ್ಲೌಸು, ಸ್ಕೂಲ್ ಯೂನಿಫಾರ್ಮು, ಸೀರೆ ಫಾಲ್ಸು ಇದೇ ಕೆಲಸ. ನಮ್ಮ ಚಿಕ್ಕಪ್ಪ ನೇವಿಲಿ ಇದ್ದು 2005ರಲ್ಲಿ ರಿಟೈರ್ ಆಗಿ ತೀರ್ಥಹಳ್ಳಿ ಹತ್ರ ತೋಟ ನೋಡ್ಕೊಂಡು ಇದಾರೆ. ಹೋದ ಮಳೆಗಾಲದಲ್ಲಿ ಬಂದು "ಊರಿನ ಹೈಸ್ಕೂಲಲ್ಲಿ ಗೋಡೆಗೆ ಹಾಕ್ಬೇಕು, ನಮ್ಮ ನೇವಿ ಬಾವುಟ ಶುರುವಿಂದ ಇಲ್ಲಿವರೆಗೆ ಹೆಂಗೆಂಗೆ ಬದಲಾಯ್ತು ಅಂತ ಮಕ್ಕಳು ಕಣ್ಣಾರೆ ನೋಡ್ಬೇಕು, ಹೊಲಿದು ಕೊಡೇ ಮಾರಾಯ್ತಿ" ಅಂದ್ರು. ನಾನು ಒಂದೋ ಎರಡೋ ಇರ್ಬೇಕು ಅಂದ್ಕೊಂಡಿದ್ದೆ, ಕೂತು ಲೆಕ್ಕ ಹಾಕಿದ್ರೆ ಐದು!

1950ರ ಜನವರಿ 26ಕ್ಕೆ ಮೊದಲು ಬ್ರಿಟಿಷರ ವೈಟ್ ಎನ್‌ಸೈನೇ ಇತ್ತಂತೆ, ಬಿಳಿ ಬಟ್ಟೆ ಮೇಲೆ ಕೆಂಪು ಶಿಲುಬೆ, ಮೂಲೆಲಿ ಯೂನಿಯನ್ ಜ್ಯಾಕ್. ನಮ್ಮ ಐದರ ಲೆಕ್ಕ ಶುರುವಾಗೋದು ಅವತ್ತಿಂದ, ಮೂಲೆಗೆ ನಮ್ಮ ತ್ರಿವರ್ಣ ಬಂತು, ಆದ್ರೆ ಸೇಂಟ್ ಜಾರ್ಜ್ ಶಿಲುಬೆ ಅನ್ನೋ ಆ ಕೆಂಪು ಶಿಲುಬೆ ಹಂಗೇ ಉಳೀತು. 2001ರ ಆಗಸ್ಟ್ 15ಕ್ಕೆ ಶಿಲುಬೆ ತೆಗೆದು ಬಿಳಿ ಮೇಲೆ ನೀಲಿ ನೌಕಾ ಲಾಂಛನ ಇಟ್ರು. 2004ರಲ್ಲಿ ಶಿಲುಬೆ ವಾಪಸ್ ಬಂತು, ಮಧ್ಯದಲ್ಲಿ ಅಶೋಕ ಸಿಂಹ ಸೇರಿಸಿ. 2014ರಲ್ಲಿ ಆ ಸಿಂಹದ ಕೆಳಗೆ ಸತ್ಯಮೇವ ಜಯತೇ. ಕೊನೇದು 2022ರ ಸೆಪ್ಟೆಂಬರ್ 2, ಕೊಚ್ಚಿಯಲ್ಲಿ ವಿಮಾನ ಹೊರೋ ಯುದ್ಧನೌಕೆ ಐಎನ್‌ಎಸ್ ವಿಕ್ರಾಂತ್ ಸೇವೆಗೆ ಸೇರಿದ ದಿನ ಬಂದಿದ್ದು, ಶಿವಾಜಿ ಮಹಾರಾಜರ ಮುದ್ರೆ ನೋಡಿ ಮಾಡಿದ ಎಂಟು ಮೂಲೆ ನೀಲಿ ಚೌಕಟ್ಟು, ಅದಕ್ಕೆ ಚಿನ್ನದ ಬಣ್ಣದ ಎರಡು ಅಂಚು, ಒಳಗೆ ಸಿಂಹ, ಲಂಗರು, ಕೆಳಗೆ ಶಂ ನೋ ವರುಣಃ (ವರುಣ ನಮಗೆ ಶುಭ ಮಾಡಲಿ) ಅಂತ. ಚಿಕ್ಕಪ್ಪ ಈ ಐದರಲ್ಲಿ ಮೊದಲಿನ ಮೂರಕ್ಕೂ ಸೆಲ್ಯೂಟ್ ಹೊಡೆದವರು.

ಕಟಿಂಗ್ ಟೇಬಲ್ ಮೇಲೆ ಹಾಕ್ಕೊಂಡಾಗ ನಂಗೆ ಕಂಡಿದ್ದೇ ಬೇರೆ. ಐದು ಬಾವುಟ ಅಂದ್ರೂ ಪೇಪರ್ ಕಟಿಂಗ್ ಎರಡೇ. 1950, 2004, 2014 ಮೂರಕ್ಕೂ ಶಿಲುಬೆ ಅಳತೆ ಒಂದೇ ಇಟ್ಕೊಂಡೆ, ಮಧ್ಯದ್ದು ಮಾತ್ರ ಬೇರೆ, ಇನ್ನು 2001, 2022 ಎರಡೂ ಖಾಲಿ ಬಿಳಿ, ಬಲಗಡೆ ಪ್ಯಾಚ್ ಅಷ್ಟೇ. ಐದರಲ್ಲೂ ಬದಲಾಗದೇ ಇರೋದು ಮೂಲೆಯ ತ್ರಿವರ್ಣ. ಅದೇ ಕಷ್ಟದ ಕೆಲಸನೂ ಹೌದು, ನಾನು ತಗೊಂಡ ಮೂರಡಿ ಅಳತೆಗೆ ಅಶೋಕ ಚಕ್ರ ಮೂರು ಇಂಚೂ ಬರಲ್ಲ, ಅದ್ರಲ್ಲಿ 24 ಗೆರೆ ಒಂದಕ್ಕೊಂದು ತಾಗ್ದಂಗೆ ಕೂರಿಸ್ಬೇಕು, ಒಂದೊಂದಕ್ಕೂ 15 ಡಿಗ್ರಿ. ಮೊದಲನೇದು ಬಿಚ್ಚಿ ಬಿಚ್ಚಿ ಬಟ್ಟೆನೇ ತೂತಾಯ್ತು. ಆಮೇಲೆ ಮಗಳ ಜಾಮಿಟ್ರಿ ಬಾಕ್ಸ್ ತಗೊಂಡು ಟ್ರೇಸಿಂಗ್ ಪೇಪರಲ್ಲಿ ಒಂದು ಸರಿಯಾಗಿ ಬರ್ಕೊಂಡು ಐದಕ್ಕೂ ಅದನ್ನೇ ಇಟ್ಟೆ.

ದೊಡ್ಡ ತಪ್ಪು ಆಗಿದ್ದು ಕೆಂಪು ಬಟ್ಟೇಲಿ. ಬಿಳಿ ಕಾಟನ್ ಕುಗ್ಗುತ್ತೆ ಅಂತ ಮೊದ್ಲೇ ನೀರಿಗೆ ಹಾಕಿದ್ದೆ, ಕೆಂಪು ಹಾಕ್ಲಿಲ್ಲ, ಅಂಗಡಿಯವ್ರು ಬಣ್ಣ ಹೋಗಲ್ಲ ಅಂದಿದ್ರು ನಂಬಿದ್ದೆ. 1950ರದ್ದು ಪೂರ್ತಿ ಹೊಲಿದು ನೀರು ಚಿಮುಕಿಸಿ ಇಸ್ತ್ರಿ ಇಟ್ಟೆ ನೋಡಿ, ಶಿಲುಬೆ ಅಂಚಿನುದ್ದಕ್ಕೂ ಬಿಳಿಗೆ ಗುಲಾಬಿ ಬಣ್ಣ ಹತ್ಕೊಂಡ್ತು. ಎರಡು ದಿನದ ಕೆಲಸ, ಅಲ್ಲೇ ಕೂತು ಅತ್ತೆ. ಮತ್ತೆ ಕೆಂಪು ಬಟ್ಟೆ ತಂದು ನೀರು ತಿಳಿಯಾಗೋವರೆಗೆ ನಾಲ್ಕು ಸಲ ಒಗೆದೆ, ಆಷಾಢದ ಮಳೆಗೆ ಒಣಗಲಿಲ್ಲ, ಚಿಕ್ಕಪ್ಪನ ಮನೆಗೆ ತಗೊಂಡೋಗಿ ಬಚ್ಚಲ ಒಲೆ ಮೇಲಿನ ಗಳಕ್ಕೆ ಹಾಕಿ ಒಣಗಿಸಿದ್ದು. ಬಿಳಿ ಬಟ್ಟೆನ ಮಾತ್ರ ಅಲ್ಲಿ ಹಾಕ್ಬೇಡಿ, ಹೊಗೆಗೆ ಹಳದಿ ಆಗುತ್ತೆ.

ಇನ್ನೊಂದು ತಲೆನೋವು ಅಕ್ಷರ. ಬಾವುಟ ಎರಡೂ ಕಡೆ ಕಾಣೋ ವಸ್ತು, ಒಂದೇ ಕಡೆ ಕಸೂತಿ ಹಾಕಿದ್ರೆ ಹಿಂದಿನಿಂದ ಅಕ್ಷರ ಉಲ್ಟಾ. ಅದಕ್ಕೆ 2014, 2022 ಎರಡಕ್ಕೂ ಎರಡೆರಡು ಪ್ಯಾಚ್ ಬೇರೆಬೇರೆ ಮಾಡಿ ಬೆನ್ನಿಗೆ ಬೆನ್ನು ಕೊಟ್ಟು ಸುತ್ತ ಝಿಗ್‌ಜ್ಯಾಗ್ ಹೊಡೆದೆ. ಆದ್ರೆ ಎರಡಕ್ಕೂ ಕ್ಯಾನ್ವಾಸ್ ಕೊಟ್ಟಿದ್ರಿಂದ ಭಾರಕ್ಕೆ ಆ ಕಡೆ ಜೋತು ಬಿತ್ತು, ಒಂದು ಕಡೆದು ಕಿತ್ತ ಮೇಲೆ ಸರಿಹೋಯ್ತು.

2001ರ ಬಾವುಟ ಮುಗಿದಾಗ ನಂಗೆ ತುಂಬಾ ಇಷ್ಟ ಆಗಿತ್ತು, ಹತ್ರದಿಂದ ಅಷ್ಟು ಚಂದ. "ಅಲ್ಲ ಚಿಕ್ಕಪ್ಪ, ಇಷ್ಟು ಚೆನ್ನಾಗಿರೋದನ್ನ ಮೂರೇ ವರ್ಷಕ್ಕೆ ಯಾಕೆ ಬಿಟ್ರು?" ಅಂದೆ. ಅವ್ರು ಮಾತಾಡ್ದೆ ಅದನ್ನೂ 1950ರದ್ದನ್ನೂ ಎತ್ಕೊಂಡು ಅಂಗಳಕ್ಕೆ ಹೋಗಿ ಅಡಿಕೆ ಒಣಗಿಸೋ ಚಪ್ಪರದ ಕಂಬಕ್ಕೆ ಕಟ್ಟಿ, ನನ್ನ ಕೆಳಗಡೆ ಗದ್ದೆ ಬದುವಿನವರೆಗೆ ಕರ್ಕೊಂಡು ಹೋಗಿ "ಈಗ ತಿರುಗಿ ನೋಡು" ಅಂದ್ರು. ಮೋಡ ಕವಿದ ಆಕಾಶ, ಕೆಂಪು ಶಿಲುಬೆ ಅಲ್ಲಿಂದ್ಲೂ ಎದ್ದು ಕಾಣ್ತಿತ್ತು, ನನ್ನ ನೀಲಿ ಲಾಂಛನ ಬಿಳಿ ಬಟ್ಟೆ ಮೇಲೆ ಮಸುಕು ಕಲೆ ಥರ. "ಸಮುದ್ರನೂ ನೀಲಿ, ಆಕಾಶನೂ ನೀಲಿ, ಗುರುತೇ ಸಿಗಲ್ಲ ಅಂತ ದೂರು ಬಂತು, ಅದಕ್ಕೇ ಶಿಲುಬೆ ವಾಪಸ್ ಬಂದಿದ್ದು. ಬಾವುಟ ಇರೋದು ಹಡಗಿನ ಹಿಂದ್ಗಡೆ ಕಣೇ, ಅದನ್ನ ನೋಡೋನು ಇನ್ನೊಂದು ಹಡಗಲ್ಲಿ ಇರ್ತಾನೆ" ಅಂದ್ರು.

ಅದಾದ ಮೇಲೆ 2022ರದ್ದನ್ನ ಹೊಲಿಯೋವಾಗ ನಂಗೆ ಅದರ ಲೆಕ್ಕ ಅರ್ಥ ಆಯ್ತು. ಇದೂ ನೀಲಿನೇ, ಆದ್ರೆ ಗಾಢ ನೀಲಿ, ಗೆರೆ ಅಲ್ಲ, ಇಡೀ ಎಂಟು ಮೂಲೆ ಆಕಾರನೇ ತುಂಬಿಕೊಂಡಿರೋದು. ಬದುವಿನಿಂದ ನೋಡಿದ್ರೆ ಅಕ್ಷರ ಕಾಣಲ್ಲ ನಿಜ, ಆಕಾರ ಮಾತ್ರ ಸ್ಪಷ್ಟವಾಗಿ ಕಾಣುತ್ತೆ.

ಐದೂ ಈಗ ಸ್ಕೂಲ್ ಗೋಡೆ ಮೇಲಿವೆ. ಚಿಕ್ಕಪ್ಪ ಈಗ ಏರ್‌ಫೋರ್ಸ್ ಬಾವುಟ ಬೇಕು ಅಂತಿದಾರೆ, ಅದೂ 2023ರ ಅಕ್ಟೋಬರ್ 8ಕ್ಕೆ ಪ್ರಯಾಗ್‌ರಾಜಲ್ಲಿ ಬದಲಾಗಿದೆ, ಮೇಲೆ ಬಲಗಡೆ ವಾಯುಪಡೆ ಲಾಂಛನ ಸೇರಿದೆ. ಗಾಂಧಿ ಬಜಾರಲ್ಲಿ ತಿಳಿನೀಲಿ ಕಾಟನ್ ನೋಡಿ ಬಂದಿದೀನಿ. ಈ ಸಲ ಒಂದು ತುಂಡು ತಂದು ರಾತ್ರಿಯೆಲ್ಲಾ ಬಿಳಿ ಬಟ್ಟೆ ಜೊತೆ ನೆನೆಹಾಕಿ ನೋಡಿದ ಮೇಲೇ ಕತ್ತರಿ ಹಾಕೋದು.