ಮಳೆಗಾಲಕ್ಕೆ ಮುಂಚೆ ನಮ್ಮ ವಯಸ್ಸಿನವರು ಕಟ್ಟಿಡಬೇಕಾದ ಚೀಲ

ಜೂನ್ ಬರುವ ಮೊದಲೇ ಸೌದೆ ಒಟ್ಟುತ್ತೇವೆ, ಹಪ್ಪಳ ಒಣಗಿಸುತ್ತೇವೆ, ಕೊಟ್ಟಿಗೆಯ ಹಂಚು ಸರಿ ಮಾಡಿಸುತ್ತೇವೆ. ಬಿಪಿ ಮಾತ್ರೆ ಮಾತ್ರ ಎರಡು ದಿನದ್ದು ಉಳಿದಾಗ ಪೇಟೆಗೆ ಹೋದರಾಯಿತು ಅಂತ ಕೂತಿರುತ್ತೇವೆ, ಅಲ್ವಾ? 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿಯೇ ಮುಚ್ಚಿಹೋಯಿತು, ಓಡಾಟ ದಿನಗಟ್ಟಲೆ ನಿಂತಿತು. ಅಂಥ ಹೊತ್ತಲ್ಲಿ ಮೆಡಿಕಲ್ ಶಾಪಿಗೆ ಹೇಗೆ ಹೋಗುತ್ತೀರಿ?

ಮೇ ತಿಂಗಳಲ್ಲೇ ಡಾಕ್ಟರ ಹತ್ತಿರ ಒಂದು ತಿಂಗಳ ಮಾತ್ರೆ ಜಾಸ್ತಿ ಬರೆಸಿಕೊಳ್ಳಿ. ನೆರೆ ಬಂದರೆ ಎತ್ತಿಕೊಂಡು ಹೊರಡಲು ಒಂದು ಚೀಲ ಕಟ್ಟಿಡಿ. ಹೊಸ ಮಾತ್ರೆ ಆ ಚೀಲಕ್ಕೆ, ಹಳೆಯದು ಹೊಟ್ಟೆಗೆ. ಚೀಟಿಯ ಜೆರಾಕ್ಸೂ ಇರಲಿ. ಬೆಳಿಗ್ಗೆ ಒಂದು ಬಿಳಿ ಗುಳಿಗೆ ನುಂಗ್ತೇನೆ ಅಂದರೆ ಯಾವ ಡಾಕ್ಟರಿಗೂ ತಿಳಿಯುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಕರೆಂಟು ಹೋಯಿತು ಅಂತ ಗಾಬರಿಯಾಗಬೇಡಿ. ಬಳಸುತ್ತಿರುವ ಸೀಸೆ ತಂಪು ಜಾಗದಲ್ಲಿದ್ದರೆ ಫ್ರಿಜ್ಜಿನ ಹೊರಗೂ ಸಾಮಾನ್ಯವಾಗಿ ಕೆಲವು ವಾರ ತಡೆಯುತ್ತದೆ, ನಿಮ್ಮದು ಎಷ್ಟು ದಿನ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಐಸಿಗೆ ತಾಗಿಸಿ ಮಾತ್ರ ಇಡಬೇಡಿ, ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬರುವುದಿಲ್ಲ.

ಚೀಲಕ್ಕೆ ಹಳೆಯ ಕನ್ನಡಕ, ಕಿವಿ ಮಷೀನಿನ ಸೆಲ್, ಟಾರ್ಚು, ಅವಲಕ್ಕಿ ಬೆಲ್ಲ, ನೀರಿನ ಬಾಟ್ಲಿ, ಚಿಲ್ಲರೆ ನೋಟು. ಆಧಾರ್, ಪಾಸ್‌ಬುಕ್ಕು, ಪಹಣಿಯ ಪ್ರತಿಗಳು ಪ್ಲಾಸ್ಟಿಕ್ ಕವರಿನೊಳಗೆ. ಮಕ್ಕಳ ನಂಬರನ್ನು ಕಾಗದದ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ, ಮೊಬೈಲ್ ಚಾರ್ಜು ಮುಗಿದರೆ ಒಂದು ನಂಬರೂ ನೆನಪಿರುವುದಿಲ್ಲ. 112 ಮತ್ತು ಜಿಲ್ಲೆಯ ಕಂಟ್ರೋಲ್ ರೂಮಿನ 1077 ಅದರಲ್ಲೇ ಇರಲಿ. ಒಂದು ಕೈಯಲ್ಲಿ ಕೋಲು ಹಿಡಿದು ಇನ್ನೊಂದು ಕೈಯಲ್ಲಿ ಎತ್ತಲಾಗದಷ್ಟು ತುಂಬಬೇಡಿ. ಬೆಳ್ಳಿ ಬಟ್ಟಲು ಬೇಕಾಗಿಲ್ಲ.

ಚೀಲ ಕಟ್ಟುವುದು ಸುಲಭ, ಮನೆ ಬಿಡುವುದೇ ಕಷ್ಟ. ಹೊಳೆ ನಮ್ಮ ಮೆಟ್ಟಿಲು ಯಾವತ್ತೂ ದಾಟಿಲ್ಲ ಅಂತ ಹೇಳುವವರು ನಾವೇ. 2019ರ ಆಗಸ್ಟಿನಲ್ಲಿ ಕಾಳಿ, ಗಂಗಾವಳಿ ಎರಡೂ ಉಕ್ಕಿದಾಗ ಆ ಹಳೆಯ ಲೆಕ್ಕವೆಲ್ಲ ತಪ್ಪಿತು. ಕಾಳಿಯ ಕದ್ರಾ ಡ್ಯಾಮಿನ ಗೇಟು ತೆಗೆಯುತ್ತಾರೆ ಅಂತ ಕೂಗಿ ಹೇಳಿದ ಮೇಲೂ ಕೆಳಗಿನ ಊರುಗಳವರು ಜಗಲಿಯಲ್ಲಿ ಕೂತು ನೋಡೋಣ ಅನ್ನಬಾರದು. ಮಂಡಿ ನೋವಿರುವ ನಮ್ಮಂಥವರು ಬೆಳಕಿರುವಾಗಲೇ ಹೊರಡಬೇಕು, ಕತ್ತಲಲ್ಲಿ ಹರಿಯುವ ನೀರಿಗೆ ಕಾಲಿಡುವ ವಯಸ್ಸಲ್ಲ ಇದು. ಎಲ್ಲಿಗೆ ಹೋಗುವುದು, ಯಾರು ಕರೆದುಕೊಂಡು ಹೋಗುವುದು ಎಂಬುದನ್ನು ಈಗಲೇ ಮಾತಾಡಿಡಿ. ಬೆಂಗಳೂರಿನ ಮಗ ಫೋನು ಮಾಡಬಹುದು ಅಷ್ಟೇ, ಕೈ ಹಿಡಿದು ದಾಟಿಸುವವನು ಪಕ್ಕದ ಮನೆ ಹುಡುಗ. ದನ ಬಿಟ್ಟು ಬರಲು ಮನಸ್ಸಾಗದೆ ನಿಂತುಬಿಡುವವರು ಬಹಳ ಜನ. ಕಟ್ಟಿದ ದನ ಮುಳುಗುತ್ತದೆ, ಹಗ್ಗ ಬಿಚ್ಚಿದರೆ ಅದು ದಿಬ್ಬ ಹುಡುಕಿಕೊಳ್ಳುತ್ತದೆ.

ಗುಡ್ಡದ ಬುಡದ ಮನೆಯವರು ಹಿತ್ತಲ ಧರೆ ನೋಡುತ್ತಿರಿ. ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾದ ಒರತೆ ನೀರು, ಇದರಲ್ಲಿ ಒಂದು ಕಂಡರೂ ಆ ರಾತ್ರಿ ಅಲ್ಲಿ ಮಲಗಬೇಡಿ. ಹೊರಡುವಾಗ ಗ್ಯಾಸು, ಮೇನ್ ಸ್ವಿಚ್ಚು ಆಫ್ ಮಾಡಿ. ಸ್ವಿಚ್ಚಿನ ಹತ್ತಿರ ನೀರು ನಿಂತಿದ್ದರೆ ಮುಟ್ಟುವುದೇ ಬೇಡ.

ನೀರಿಳಿದು ವಾಪಸು ಬಂದ ಮೇಲೆ ಕೆಸರಿಗೆ ಬರಿಗಾಲಲ್ಲಿ ಇಳಿಯಬೇಡಿ, ಇಲಿ ಜ್ವರ ಬರುವುದು ಹಾಗೇ. ಬಾವಿಗೆ ನೆರೆ ನೀರು ಹೊಕ್ಕಿದ್ದರೆ ಪೂರ್ತಿ ಎತ್ತಿಸಿ, ಬ್ಲೀಚಿಂಗ್ ಪೌಡರ್ ಹಾಕಿಸಿ. ಆಮೇಲೂ ಕೆಲವು ದಿನ ಕುದಿಸಿಯೇ ಕುಡಿಯಿರಿ.